ಒಂದೇ ಗಾಡಿ, ಹಲವು ಊರು: ಹಳೆಯ ಬೈಕಿನ ಮೂಲ ಓದುವ ಬಗೆ

‘1942ರ ಬಿಎಸ್‌ಎ, ಪೂರ್ತಿ ಒರಿಜಿನಲ್, ಆರ್‌ಸಿ ಬುಕ್ಕೂ ಇದೆ’ ಎಂದು ಯಾರೋ ನಿಮಗೊಂದು ಹಳೆಯ ಬ್ರಿಟಿಷ್ ಬೈಕು ತೋರಿಸಿದರು ಎಂದಿಟ್ಟುಕೊಳ್ಳಿ. ಆರ್‌ಸಿ ಇದೆ ಅಂದಮೇಲೆ ಇಸವಿಯೂ ನಿಜ, ಗಾಡಿಯೂ ನಿಜ ಅಂತ ನಾವು ನಂಬಿಬಿಡುತ್ತೇವೆ. ಆದರೆ ಆರ್‌ಸಿ ಹೇಳುವುದು ಆ ಗಾಡಿ ಸರ್ಕಾರದ ಪುಸ್ತಕಕ್ಕೆ ಯಾವಾಗ ಸೇರಿತು ಅನ್ನುವುದನ್ನು. ಯುದ್ಧಕಾಲದಲ್ಲಿ ತಯಾರಾಗಿ, ಸೇನೆಯಲ್ಲಿ ದುಡಿದು, ಹರಾಜಾಗಿ, ಆಮೇಲೆ ಯಾರದೋ ಹೆಸರಿಗೆ ನೋಂದಣಿಯಾದ ಗಾಡಿಯ ಬುಕ್ಕಿನಲ್ಲಿ 1957 ಎಂದಿದ್ದರೆ ಆಶ್ಚರ್ಯ ಬೇಡ. ಗಾಡಿಯ ನಂಬರನ್ನು ಬುಕ್ಕಿಗೆ ಬರೆದವರ ಕೈಯಲ್ಲಿ ‘ಡಬ್ಲ್ಯು’ ಹೋಗಿ ‘ವಿ’ ಆಗಿರಬಹುದು, ಸೊನ್ನೆ ಹೋಗಿ ‘ಓ’ ಆಗಿರಬಹುದು. ಬುಕ್ಕನ್ನು ಓದಿ, ಆದರೆ ಕೊನೆಗೆ ಓದಿ.

ಇವತ್ತಿನ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ. ಗಾಡಿಯ ಹೆಸರು ಕೇಳುವ ಬದಲು ಅದರ ಒಂದೊಂದು ಭಾಗಕ್ಕೂ ‘ನಿನ್ನ ಊರು ಯಾವುದು, ಯಾವಾಗ ಬಂದೆ?’ ಎಂದು ಕೇಳಬೇಕು. ಐವತ್ತು, ಎಂಬತ್ತು ವರ್ಷ ಓಡಿದ ಯಂತ್ರದಲ್ಲಿ ಎಲ್ಲ ಭಾಗಕ್ಕೂ ಒಂದೇ ಉತ್ತರ ಬರುವುದು ತೀರಾ ಅಪರೂಪ. ಬೇರೆ ಉತ್ತರ ಬಂದ ಕೂಡಲೇ ಅದು ಮೋಸವೂ ಅಲ್ಲ. ಕಾರ್ಖಾನೆಯೇ ವರ್ಷದ ನಡುವೆ ಬದಲಿಸಿದ್ದಿರಬಹುದು, ಸೇನೆಯ ವರ್ಕ್‌ಶಾಪಿನಲ್ಲಿ ಬದಲಾಗಿರಬಹುದು, ಊರಿನ ಮೆಕ್ಯಾನಿಕ್ ಗಾಡಿ ಓಡಲಿ ಅಂತ ಸಿಕ್ಕಿದ್ದನ್ನು ಕೂರಿಸಿರಬಹುದು. ಮಾರುವವನು ಬೇಕೆಂದೇ ಸೇರಿಸಿದ್ದು ಇವೆಲ್ಲ ಆದಮೇಲೆ ಬರುವ ಸಂಶಯ. ಯಾವ ಬದಲಾವಣೆ ಯಾರ ಕೈಯದು ಅಂತ ಬೇರ್ಪಡಿಸುವುದೇ ನಮ್ಮ ಕೆಲಸ.

ಉದಾಹರಣೆಗೆ ಬಿಎಸ್‌ಎ ಎಂ20 ತೆಗೆದುಕೊಳ್ಳೋಣ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಂಥ 1,26,000 ಗಾಡಿಗಳನ್ನು ಸೇನೆಗೆ ಕೊಟ್ಟಿತು. ಅವುಗಳಲ್ಲಿ ಭಾರತಕ್ಕೆ ಬಂದಿದ್ದ ಬಹಳಷ್ಟು ಯುದ್ಧ ಮುಗಿದ ಮೇಲೆ ಇಲ್ಲೇ ಉಳಿದವು, ಹಾಗಾಗಿ ನಮ್ಮ ಗುಜರಿಗಳಲ್ಲಿ ಇವತ್ತಿಗೂ ಇವುಗಳ ತುಂಡುಗಳು ಸಿಗುತ್ತವೆ. ಸಿಕ್ಕ ತುಂಡುಗಳನ್ನು ಜೋಡಿಸಿ ಗಾಡಿ ಮಾಡಿದವರೂ ಇದ್ದಾರೆ ಅನ್ನುವುದೇ ಈಗಿನ ತೊಂದರೆ.

ಗಾಡಿ ಮನೆಗೆ ಬಂದ ದಿನ ತೊಳೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಪ್ರೆಷರ್ ವಾಷಿಗೆ ಒಡ್ಡಿದರೆ ಟ್ಯಾಂಕಿನ ಕೆಳಗೆ, ಟೂಲ್‌ಬಾಕ್ಸಿನ ಒಳಗೆ ಉಳಿದಿರುವ ಹಳೆಯ ಬಣ್ಣ, ಚೀಟಿ, ಗ್ರೀಸ್ ಅಡಿಯ ಗುರುತು ಎಲ್ಲ ಹೋಗುತ್ತದೆ. ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಒಂದು ಟಾರ್ಚು, ಹಿಡಿಯಿರುವ ಸಣ್ಣ ಕನ್ನಡಿ, ಅಯಸ್ಕಾಂತ, ವರ್ನಿಯರ್, ಬೋಲ್ಟಿನ ಸುತ್ತು ಅಳೆಯುವ ಥ್ರೆಡ್ ಗೇಜು (ಹಳೆಯ ಬ್ರಿಟಿಷ್ ಇಂಚಿನ ಅಳತೆಯ ವಿಟ್‌ವರ್ತ್ ಒಂದು, ಮಿ.ಮೀ. ಲೆಕ್ಕದ ಮೆಟ್ರಿಕ್ ಒಂದು), ತೆಳು ಕಾಗದ, ಮೆತ್ತನೆ ಪೆನ್ಸಿಲ್ಲು, ನೈಲಾನ್ ಬ್ರಷ್ಷು ಇಟ್ಟುಕೊಳ್ಳಿ. ವೈರ್ ಬ್ರಷ್ಷು, ಉಪ್ಪುಕಾಗದ ನಂಬರ್ ಇರುವ ಜಾಗದ ಹತ್ತಿರಕ್ಕೂ ಬರಬಾರದು. ಆರ್‌ಟಿಒ ಕಚೇರಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದುಕೊಡುತ್ತೀರಲ್ಲ, ಅದೇ ವಿದ್ಯೆ ಇಲ್ಲೂ ನಡೆಯುತ್ತದೆ. ಥಿನ್ನರ್ ಬಟ್ಟೆಯಲ್ಲಿ ಬಣ್ಣ ಮೆತ್ತಗೆ ತೆಗೆದು, ಸೀಮೆಸುಣ್ಣದ ಪುಡಿ ಉಜ್ಜಿ, ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಅಡ್ಡಡ್ಡ ಬೆಳಕು ಬಿಡಿ. ಕಣ್ಣಿಗೆ ಕಾಣದ ಅಂಕಿ ನೆರಳಿನಲ್ಲಿ ಎದ್ದು ಕಾಣುತ್ತದೆ.

ಎಂ20ರಲ್ಲಿ ಫ್ರೇಮಿನ ನಂಬರು ಮುಂದೆ ಹ್ಯಾಂಡಲ್ ಕೂರುವ ಕತ್ತಿನ ಎಡಬದಿಯಲ್ಲಿದೆ. ಎಂಜಿನ್ನಿನದು ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಗಿನ ಎರಕದ ಡಬ್ಬಿಯ, ಎಡ ಅರ್ಧದ ಮೇಲೆ, ಸಿಲಿಂಡರಿನ ಬುಡದ ಕೆಳಗೆ. ಯುದ್ಧಕಾಲದ್ದಕ್ಕೆ ಮುಂದೆ ‘ಡಬ್ಲ್ಯು ಎಂ20’ ಎಂದಿರುತ್ತದೆ. ಯುದ್ಧ ಮುಗಿದ ಮೇಲೆ ಎಕ್ಸ್, ವೈ, ಜೆಡ್ ಎಂದು ಅಕ್ಷರ ಮುಂದುವರಿಯಿತು. ಇಲ್ಲಿ ಬಹಳ ಜನ ತಪ್ಪು ಹಾದಿ ಹಿಡಿಯುತ್ತಾರೆ: ಎರಡು ನಂಬರೂ ಒಂದೇ ಆಗಿಲ್ಲ, ಆದ್ದರಿಂದ ಎಂಜಿನ್ ಬದಲಾಗಿದೆ ಅಂತ. ಬಿಎಸ್‌ಎ ಕಾರ್ಖಾನೆಯಲ್ಲಿ ಎಂ20ರ ಎಂಜಿನ್ನಿಗೂ ಫ್ರೇಮಿಗೂ ಒಂದೇ ಅಂಕಿ ಹಾಕುವ ಪದ್ಧತಿಯೇ ಇರಲಿಲ್ಲ. ಎಂಜಿನ್ ಬೇರೆ ಸಾಲು, ಫ್ರೇಮ್ ಬೇರೆ ಸಾಲು. ಎರಡೂ ಅಂಕಿ ತಂತಾನೇ ಹೊಂದಿಕೊಂಡ ಎಂ20 ಕಂಡರೆ ನನಗಂತೂ ಸಂಶಯ ಹೆಚ್ಚಾಗುತ್ತದೆ. ‘ಮ್ಯಾಚಿಂಗ್ ನಂಬರ್’ ಎಂಬ ಮಾತು ಬೇರೆ ಗಾಡಿಗಳ ಮಾರುಕಟ್ಟೆಯಿಂದ ಇಲ್ಲಿಗೆ ಬಂದು ಸೇರಿದ್ದು.

ಅಂಕಿ ಹಿಂದೆ ಮುಂದೆ, ಮೇಲೆ ಕೆಳಗೆ ಇದ್ದರೆ ಕಳ್ಳ ನಂಬರೇ ಅಂತ ಒಬ್ಬರು ಕೇಳಿದರು. ಅಲ್ಲ. ಆ ಕಾಲದಲ್ಲಿ ಒಂದೊಂದೇ ಪಂಚ್ ಹಿಡಿದು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು, ಸಾಲು ಸ್ವಲ್ಪ ಕುಣಿದಿರುವುದು ಸಹಜ. ನೀವು ನೋಡಬೇಕಾದದ್ದು ಅಂಕಿಯ ಸುತ್ತಲಿನ ಲೋಹವನ್ನು. ಎರಕದ ಮೇಲ್ಮೈಗೆ ಒಂದು ಒರಟು ಚರ್ಮ ಇರುತ್ತದೆ. ನಂಬರಿನ ಜಾಗದಲ್ಲಿ ಮಾತ್ರ ಆ ಚರ್ಮ ಹೋಗಿ ಅರದ ಗೆರೆ ಕಂಡರೆ, ಜಾಗ ಸುತ್ತಲಿಗಿಂತ ತಗ್ಗಾಗಿದ್ದರೆ, ಅಲ್ಯೂಮಿನಿಯಂ ಬಣ್ಣ ಅಲ್ಲಿ ಮಾತ್ರ ಬೇರೆಯಾಗಿದ್ದರೆ, ಯಾರೋ ಹಳೆಯದನ್ನು ಅರೆದಿದ್ದಾರೆ ಅಥವಾ ವೆಲ್ಡಿಂಗ್ ತುಂಬಿ ಮತ್ತೆ ಹೊಡೆದಿದ್ದಾರೆ. ಒಂದೇ ನಂಬರಿನಲ್ಲಿ ಎರಡು ‘3’ ಇದ್ದರೆ ಎರಡನ್ನೂ ಹೋಲಿಸಿ. ಒಂದೇ ಪಂಚಿನಿಂದ ಬಂದಿದ್ದರೆ ಅವು ಅವಳಿಗಳಂತೆ ಇರಬೇಕು. ಅರೆದ ನಂಬರು ಕಂಡರೆ ಆ ಗಾಡಿ ಕೊಳ್ಳಬೇಡಿ. ಆಸಿಡ್ ಹಾಕಿ ಹಳೆಯ ಅಂಕಿ ಎಬ್ಬಿಸುವ ಪ್ರಯೋಗವೂ ನಿಮಗೆ ಬೇಡ, ಅದು ವಿಧಿವಿಜ್ಞಾನದವರ ಕೆಲಸ.

ನಂಬರಿಗಿಂತ ನಾನು ಹೆಚ್ಚು ನಂಬುವುದು ಕ್ರ್ಯಾಂಕ್‌ಕೇಸಿನ ಹೊಟ್ಟೆಯ ಕೆಳಗಿನ ಗುರುತನ್ನು. ಎರಡು ಅರ್ಧಗಳನ್ನು ಸೇರಿಸಿಯೇ ಕಾರ್ಖಾನೆಯಲ್ಲಿ ಬೇರಿಂಗ್ ರಂಧ್ರ ಕೊರೆಯುತ್ತಿದ್ದರು. ಆಮೇಲೆ ಜೋಡಿ ತಪ್ಪದಿರಲಿ ಅಂತ ಕೂಡುಗೆರೆಯ ಎರಡೂ ಬದಿಗೆ ಒಂದೇ ಸಣ್ಣ ಅಂಕಿ ಒತ್ತುತ್ತಿದ್ದರು. ಕನ್ನಡಿ ಹಿಡಿದು ಕೆಳಗಿನಿಂದ ನೋಡಿ. ಎಡದ ಅಂಕಿ ಒಂದು, ಬಲದ್ದು ಇನ್ನೊಂದು ಆದರೆ ಅದು ಎರಡು ಎಂಜಿನ್ನುಗಳ ಮದುವೆ. ಇದು ಬರೀ ಒರಿಜಿನಲ್ಲಿನ ಮಾತಲ್ಲ: ಎರಡು ಬೇರಿಂಗುಗಳ ನಡುರೇಖೆ ಕೂದಲೆಳೆಯಷ್ಟು ತಪ್ಪಿದರೂ ಕ್ರ್ಯಾಂಕು ಬಿಸಿಯಾಗಿ ಬಿಗಿಯುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಹೊಸ ಬೇರಿಂಗ್ ಹಾಕಿಸಿ ಹಾಕಿಸಿ ಸಾಕಾದ ಗಾಡಿಗಳಲ್ಲಿ ಈ ಅಂಕಿಯನ್ನು ಮೊದಲು ನೋಡಬೇಕು. ಮೇಲಿನ ದೊಡ್ಡ ನಂಬರನ್ನು ನಕಲು ಮಾಡುವವರಿಗೆ ಈ ಸಣ್ಣ ಅಂಕಿ ನೆನಪಿಗೇ ಬರುವುದಿಲ್ಲ, ಅದೊಂದು ಅನುಕೂಲ.

ಈಗ ಅಳತೆ. ಎಂ20ಕ್ಕೆ ಒಬ್ಬ ಅಣ್ಣ ಇದ್ದಾನೆ, ಎಂ21. ಹೊರಗಿನಿಂದ ಇಬ್ಬರೂ ಒಂದೇ ತರಹ, ಸೈಡ್ ವಾಲ್ವ್ ಎಂಜಿನ್ನು. ಎಂ20ರ ಬೋರು (ಸಿಲಿಂಡರಿನ ಒಳ ಅಗಲ) 82 ಮಿ.ಮೀ., ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 94 ಮಿ.ಮೀ., ಅಲ್ಲಿಗೆ 496 ಸಿಸಿ. ಎಂ21ರ ಬೋರೂ 82, ಸ್ಟ್ರೋಕು ಮಾತ್ರ 112, ಅಲ್ಲಿಗೆ 591 ಸಿಸಿ. ಹೆಡ್ಡು ಬಿಚ್ಚಿ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಕೆಳಗಿನ ತುದಿಗೆ ಇಳಿಸಿ, ಎಷ್ಟು ಇಳಿಯಿತು ಅಂತ ಅಳೆಯಿರಿ. ಬೋರು ಅಳೆದರೆ ಏನೂ ಗೊತ್ತಾಗುವುದಿಲ್ಲ: ಮೊದಲೇ ಎರಡರದೂ ಒಂದೇ, ಮೇಲಾಗಿ ಲೇತಿನವರು ಎರಡು ಮೂರು ಸಲ ಬೋರ್ ಮಾಡಿ, ಸ್ಲೀವ್ ಹಾಕಿ ಬದಲಿಸಿರುತ್ತಾರೆ. ಸ್ಟ್ರೋಕನ್ನು ಯಾವ ಲೇತಿನವರೂ ಮುಟ್ಟುವುದಿಲ್ಲ, ಅದು ಸುಳ್ಳು ಹೇಳದು.

ಬುಲೆಟ್ಟಿಗೆ ಬನ್ನಿ, ಇದೇ ಸೂತ್ರ ತಲೆಕೆಳಗಾಗುತ್ತದೆ. 350ರದು 70 ಬೋರು, 90 ಸ್ಟ್ರೋಕು. 500ರದು 84 ಬೋರು, ಅದೇ 90 ಸ್ಟ್ರೋಕು. ಅಲ್ಲಿ ಸ್ಟ್ರೋಕು ಅಳೆದು ಕೂತರೆ ದಂಡ, ಬೋರು ನೋಡಬೇಕು. ಹಾಗಾಗಿ ಗಾಡಿಯ ಮುಂದೆ ಕೂರುವ ಮೊದಲು ಆ ಮಾದರಿಯ ಅಣ್ಣತಮ್ಮಂದಿರ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವ ಅಳತೆ ಅವರನ್ನು ಬೇರೆ ಮಾಡುತ್ತದೋ ಅದನ್ನೇ ಅಳೆಯಬೇಕು.

ಮುಂದಿನದು ಥ್ರೆಡ್ಡು. ಇಡೀ ವಿಷಯದಲ್ಲಿ ಇದು ನನಗೆ ಅತಿ ಇಷ್ಟದ್ದು, ಯಾಕೆಂದರೆ ಇದರಲ್ಲಿ ಯಾರೂ ನಟಿಸಲು ಹೋಗುವುದಿಲ್ಲ. ಆ ಕಾಲದ ಬ್ರಿಟಿಷ್ ಬೈಕುಗಳಲ್ಲಿ ಬಹುಪಾಲು ಸೈಕಲ್ ಥ್ರೆಡ್: ಒಂದು ಇಂಚಿಗೆ 26 ಸುತ್ತು, ದಪ್ಪ ಬೋಲ್ಟುಗಳಲ್ಲಿ 20. ಎರಕದ ಭಾಗಗಳ ಒಳಗೆ ವಿಟ್‌ವರ್ತ್ ಸಿಗುತ್ತದೆ. ಚೆಕೊಸ್ಲೊವಾಕಿಯ ಮೂಲದ ಜಾವಾದಂಥ ಯುರೋಪಿನ ಗಾಡಿಯಲ್ಲಿ ಎಲ್ಲ ಮೆಟ್ರಿಕ್. ಪಾನಾವೇ ಅರ್ಧ ಉತ್ತರ ಹೇಳುತ್ತದೆ. 1/4 ವಿಟ್‌ವರ್ತ್ ಎಂದು ಬರೆದ ಪಾನಾದ ಬಾಯಿ ಸುಮಾರು 13.3 ಮಿ.ಮೀ. ಮೂಲ ನಟ್ಟಿಗೆ 13ರ ಪಾನಾ ಹೋಗದು, 14ರದ್ದು ಜಾರುತ್ತದೆ. 13ರ ಪಾನಾ ಹದವಾಗಿ ಕೂತರೆ ಆ ನಟ್ಟು ಆಮೇಲೆ ಬಂದದ್ದು. ಬೋಲ್ಟಿನ ತಲೆಯ ಮೇಲೆ ‘8.8’ ಎಂಬ ಮೆಟ್ರಿಕ್ ಗುರುತಿದ್ದರೆ ಕೇಳುವುದೇ ಬೇಡ.

ಇಲ್ಲಿ ಒಂದು ಅಪಾಯ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾಲಿಂಚು ಸೈಕಲ್ ಥ್ರೆಡ್ ಬೋಲ್ಟಿನ ದಪ್ಪ 6.35 ಮಿ.ಮೀ., ಒಂದು ಸುತ್ತಿನ ಅಂತರ 0.98 ಮಿ.ಮೀ. ಮಾಮೂಲಿ 6 ಮಿ.ಮೀ. ಮೆಟ್ರಿಕ್ ಬೋಲ್ಟಿನ ಅಂತರ 1 ಮಿ.ಮೀ. ಹೆಚ್ಚುಕಡಿಮೆ ಒಂದೇ! ಹಾಗಾಗಿ 6ರ ಬೋಲ್ಟು ಆ ಕಾಲಿಂಚಿನ ರಂಧ್ರಕ್ಕೆ ಸಲೀಸಾಗಿ ಹೋಗುತ್ತದೆ. ಸ್ವಲ್ಪ ಬಿಗಿಯೂ ಆಗುತ್ತದೆ. ಆದರೆ ಬೋಲ್ಟು ಸಣ್ಣದು, ಥ್ರೆಡ್ಡಿನ ತುದಿ ಮಾತ್ರ ಹಿಡಿದಿರುತ್ತದೆ. ಗಾಡಿಯ ನಡುಕಕ್ಕೆ ಒಂದು ದಿನ ಥ್ರೆಡ್ಡನ್ನೇ ಕೆರೆದುಕೊಂಡು ಹೊರಗೆ ಬರುತ್ತದೆ. ಟೂಲ್‌ಬಾಕ್ಸಿನ ಮುಚ್ಚಳದಲ್ಲಾದರೆ ಮುಚ್ಚಳ ಬಿದ್ದೀತು. ಬ್ರೇಕಿನ ಕಡ್ಡಿ, ಮಡ್‌ಗಾರ್ಡ್ ಹಿಡಿಯುವ ಕಡೆ ಆದರೆ ಮನುಷ್ಯ ಬೀಳುತ್ತಾನೆ. ಹೊಂದದ ಬೋಲ್ಟುಗಳನ್ನು ಪಟ್ಟಿ ಮಾಡುವಾಗ ಬ್ರೇಕು, ಚಕ್ರ, ಫೋರ್ಕು ಈ ಮೂರರ ಸುತ್ತಲಿನವಕ್ಕೆ ಕೆಂಪು ಗುರುತು ಹಾಕಿ, ಅವನ್ನು ಬದಲಿಸುವವರೆಗೆ ಗಾಡಿ ಓಡಿಸಬೇಡಿ. ಮೆಕ್ಯಾನಿಕ್ ಆ ರಂಧ್ರಕ್ಕೆ 8ರ ಟ್ಯಾಪ್ ಇಳಿಸಿಬಿಟ್ಟಿದ್ದರೆ ಮೂಲದ್ದು ಇನ್ನು ಬಾರದು. ತುಂಬಿಸಿ ಹೊಸದಾಗಿ ಕೊರೆಯುವುದು ಇಲ್ಲವೇ ಹಾಗೇ ಒಪ್ಪಿಕೊಳ್ಳುವುದು.

ಫ್ರೇಮಿನಲ್ಲಿ ನೋಡಬೇಕಾದದ್ದು ಬೆಸುಗೆ. ಎಂ20ರ ಫ್ರೇಮು ಎರಕದ ಲಗ್ಗುಗಳೊಳಗೆ (ಪೈಪು ಕೂಡುವ ಕಡೆಯ ತೋಳುಗಳು) ಪೈಪು ತೂರಿಸಿ ಹಿತ್ತಾಳೆಯಲ್ಲಿ ಬೆಸೆದದ್ದು. ಲಗ್ಗಿನ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತದೆ. ಪೈಪಿನ ನಡುವೆ ವೆಲ್ಡಿಂಗ್ ಮಣಿ ಕಂಡರೆ ಅಲ್ಲಿ ಮುರಿದಿತ್ತು ಅಥವಾ ಎರಡು ಫ್ರೇಮಿನ ಅರ್ಧಗಳು ಸೇರಿವೆ. ಕತ್ತಿನ ಭಾಗ ಒಂದು ಗಾಡಿಯದು, ಹಿಂಭಾಗ ಇನ್ನೊಂದರದು: ನಂಬರು ನಿಜ, ಗಾಡಿ ಸುಳ್ಳು! ಪುಟ್ಟಿ ಹಚ್ಚಿ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ಸರಿಸುತ್ತಾ ಹೋಗಿ, ಹಿಡಿತ ಸಡಿಲವಾದ ಕಡೆ ಪುಟ್ಟಿ ಇದೆ.

ಫೋರ್ಕು ದೂರದಿಂದಲೇ ಕಾಣುವ ಸಾಕ್ಷಿ. ಯುದ್ಧಕಾಲದ ಎಂ20ಕ್ಕೆ ಗರ್ಡರ್ ಫೋರ್ಕು, ಮುಂದೆ ಒಂದು ದೊಡ್ಡ ಸ್ಪ್ರಿಂಗ್ ಇರುವಂಥದ್ದು. ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಫೋರ್ಕು ಈ ಮಾದರಿಗೆ ಬಂದದ್ದು ಯುದ್ಧವಾಗಿ ಕೆಲವು ವರ್ಷದ ಮೇಲೆ. ‘ಡಬ್ಲ್ಯು ಎಂ20’ ಫ್ರೇಮಿಗೆ ಟೆಲಿಸ್ಕೋಪಿಕ್ ಇದ್ದರೆ ಬದಲಾಗಿದೆ ಎಂದರ್ಥ. ಸವಾರಿಗೆ ಅದೇ ಹಿತ ಅನ್ನಿ, ಕೂರಿಸಿದವನನ್ನು ಬೈಯುವಂತಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಫುಟ್‌ರೆಸ್ಟಿಗೆ ರಬ್ಬರೇ ಇಲ್ಲ, ಹ್ಯಾಂಡಲಿಗೆ ರಬ್ಬರ್ ಹಿಡಿಯ ಬದಲು ಕ್ಯಾನ್ವಾಸ್ ಬಟ್ಟೆ ಇದೆ ಅಂತ ಕಂಡರೆ, ಯಾರೋ ಬಡತನದಲ್ಲಿ ಮಾಡಿದ್ದು ಅಂತ ಕಿತ್ತು ಹೊಸ ರಬ್ಬರ್ ಹಾಕುತ್ತಾರೆ. 1942ರ ಮೊದಲ ತಿಂಗಳುಗಳಲ್ಲಿ ಮಲಯ, ಸಿಂಗಾಪುರ ಜಪಾನಿನ ಕೈಗೆ ಹೋಗಿ ಬ್ರಿಟನ್ನಿಗೆ ರಬ್ಬರ್ ಬರ ಬಂತು. ಕಾರ್ಖಾನೆಯಿಂದಲೇ ಗಾಡಿಗಳು ಹಾಗೆ ಹೊರಬಂದವು. ಆ ಕ್ಯಾನ್ವಾಸೇ ಒರಿಜಿನಲ್ಲು.

ಕಾರ್ಬ್ಯುರೇಟರ್, ವಿದ್ಯುತ್ ಭಾಗಗಳು ಸುಲಭವಾಗಿ ಬದಲಾಗುವಂಥವು, ಆದರೆ ತಮ್ಮ ವಯಸ್ಸನ್ನು ತಾವೇ ಹೇಳುತ್ತವೆ. ಎಂ20ಕ್ಕೆ ಸಲ್ಲುವುದು ಅಮಲ್ 276, ಫ್ಲೋಟಿನ ಡಬ್ಬಿ ಪಕ್ಕಕ್ಕೆ ಬೇರೆಯಾಗಿ ನಿಂತಿರುವಂಥದ್ದು. ಡಬ್ಬಿಯೂ ದೇಹವೂ ಒಂದೇ ಎರಕವಾದ ಮೊನೊಬ್ಲಾಕ್ ಬಂದದ್ದು 1950ರ ದಶಕದ ನಡುವಿನಲ್ಲಿ. ಕಾನ್ಸೆಂಟ್ರಿಕ್ ಬಂದದ್ದು 1960ರ ದಶಕದ ಕೊನೆಗೆ. ಲ್ಯೂಕಾಸ್ ಕಂಪನಿಯ ಮ್ಯಾಗ್‌ಡೈನೊ (ಕಿಡಿ ಕೊಡುವ ಮ್ಯಾಗ್ನೆಟೊ, ಡೈನಮೊ ಎರಡೂ ಸೇರಿದ್ದು), ಡೈನಮೊ, ಅದರ ಕಟ್‌ಔಟ್‌ ಸ್ವಿಚ್ಚುಗಳ ಮೇಲೆ ಮಾದರಿಯ ಗುರುತಿನ ಜೊತೆಗೆ ತಿಂಗಳು, ವರ್ಷದ ಅಂಕಿ ಒತ್ತಿರುತ್ತದೆ. ‘9 43’ ಎಂದರೆ 1943ರ ಸೆಪ್ಟೆಂಬರ್. ಗಾಡಿಯ ಹುಟ್ಟಿಗಿಂತ ಒಂದೆರಡು ತಿಂಗಳು ಹಿಂದಿನದಾದರೆ ಸಹಜ, ಕೆಲವು ವರ್ಷ ಮುಂದಿನದಾದರೆ ನಡುವೆ ಬದಲಾಗಿದೆ. ಹಳೆಯ ಸ್ಮಿತ್ಸ್ ಕ್ರೋನೊಮೆಟ್ರಿಕ್ ಸ್ಪೀಡೋಮೀಟರಿನ ಮುಳ್ಳು ಗಡಿಯಾರದಂತೆ ಟಿಕ್ ಟಿಕ್ ಎಂದು ಹಂತಹಂತವಾಗಿ ಏರುತ್ತದೆ. ನುಣ್ಣಗೆ ಜಾರಿದರೆ ಅದು ಬೇರೆ ಜಾತಿ.

ಬಣ್ಣಕ್ಕೆ ಒಂದು ಉಪಾಯ. ಟ್ಯಾಂಕಿನ ಕೆಳಭಾಗದಲ್ಲಿ, ಹೊರಗೆ ಕಾಣದ ಕಡೆ, ನಾಣ್ಯದಷ್ಟು ಜಾಗವನ್ನು 400ರ, ಆಮೇಲೆ 800ರ ನೀರುಕಾಗದದಲ್ಲಿ (ನೀರು ಹಚ್ಚಿ ಉಜ್ಜುವ ನುಣುಪು ಉಪ್ಪುಕಾಗದ) ಇಳಿಜಾರಾಗಿ ಉಜ್ಜಿ. ಮರದ ಕಾಂಡದಲ್ಲಿ ಉಂಗುರ ಕಾಣುವ ಹಾಗೆ ಬಣ್ಣದ ಪದರಗಳು ತೆರೆಯುತ್ತವೆ. ಯುದ್ಧದ ಆರಂಭದ ಬ್ರಿಟಿಷ್ ಬಣ್ಣ ಖಾಕಿ ಹಸಿರು, 1942ರಿಂದ ಕಂದು, 1944ರಿಂದ ಆಲಿವ್. ಟ್ಯಾಂಕಿನಲ್ಲಿ ಖಾಕಿ ಹಸಿರು, ಮಡ್‌ಗಾರ್ಡಿನಲ್ಲಿ ಮೊದಲ ಪದರವೇ ಕಪ್ಪು ಅಂದರೆ ಎರಡೂ ಒಂದೇ ಗಾಡಿಯವಲ್ಲ. ಸೇನೆಯ ವರ್ಕ್‌ಶಾಪುಗಳಲ್ಲಿ ಹತ್ತಾರು ಗಾಡಿಗಳನ್ನು ಒಟ್ಟಿಗೆ ಬಿಚ್ಚಿ, ಎಂಜಿನ್ನುಗಳನ್ನು ಒಂದು ಕಡೆ, ಫ್ರೇಮುಗಳನ್ನು ಇನ್ನೊಂದು ಕಡೆ ರಿಪೇರಿ ಮಾಡಿ, ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸುತ್ತಿದ್ದರು. ಎಲ್ಲ ಭಾಗಗಳ ಮೇಲಿನ ಪದರ ಒಂದೇ ಇದ್ದು ಕೆಳಗಿನವು ಬೇರೆಯಾಗಿದ್ದರೆ ಅಂಥ ಜೋಡಣೆ ಇರಬೇಕು. ಅದೂ ಗಾಡಿಯ ಚರಿತ್ರೆಯೇ.

ಬುಲೆಟ್ಟಿನ ಬಗ್ಗೆ ಇನ್ನೆರಡು ಮಾತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗ ಭಾಗಗಳೆಲ್ಲ ಇಂಗ್ಲೆಂಡಿನ ರೆಡಿಚ್‌ನಿಂದ ಬರುತ್ತಿದ್ದವು. 1957ರಲ್ಲಿ ತಯಾರಿಕೆಯ ಅಚ್ಚು, ಉಪಕರಣ ಬಂದವು. 1962ರ ಹೊತ್ತಿಗೆ ಎಲ್ಲ ಇಲ್ಲಿಯದೇ. ಅಂದಮೇಲೆ ಆ ನಡುವಿನ ವರ್ಷಗಳ ಮದ್ರಾಸ್ ಗಾಡಿಯಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂದಿರುವ ಭಾಗವೂ ಇಲ್ಲಿಯ ಭಾಗವೂ ಒಟ್ಟಿಗೆ ಇರುವುದು ಕಾರ್ಖಾನೆಯದೇ ಮಿಶ್ರಣ. ಹೆಡ್‌ಲೈಟನ್ನೂ ಮೀಟರನ್ನೂ ಒಳಗೊಂಡ ಆ ದೊಡ್ಡ ಮುಖ, ಕ್ಯಾಸ್ಕೆಟ್ ಅನ್ನುತ್ತಾರಲ್ಲ, ಅದು ಬಂದದ್ದು 1954ರ ಮಾದರಿಗೆ. 1951ರ ರೆಡಿಚ್ ಬುಲೆಟ್ ಎಂದು ಹೇಳುವ ಗಾಡಿಗೆ ಅದು ಇದ್ದರೆ, ಮುಂಭಾಗ ಇಲ್ಲಿಯ ಗಾಡಿಯದು ಇರುವ ಸಾಧ್ಯತೆಯೇ ಹೆಚ್ಚು.

ನಮ್ಮ ಮೈಸೂರಿನ ಜಾವಾದಲ್ಲಿ ಮೋಸ ಹೋಗುವುದು ಮುಖ್ಯವಾಗಿ ಬ್ಯಾಡ್ಜಿನಿಂದ. ಯಾದವಗಿರಿಯ ಐಡಿಯಲ್ ಜಾವಾ 1960ರ ದಶಕದ ಆರಂಭದಿಂದ ಜಾವಾ ಹೆಸರಿನಲ್ಲೇ ಗಾಡಿ ಮಾಡಿತು, 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಜಾವಾಕ್ಕೆ ಬೆಲೆ ಹೆಚ್ಚು, ಆದ್ದರಿಂದ ಯೆಜ್ಡಿಗೆ ಜಾವಾ ಬ್ಯಾಡ್ಜ್ ಅಂಟಿಸುತ್ತಾರೆ. 2018ರಲ್ಲಿ ಜಾವಾ ಹೆಸರು ಮತ್ತೆ ರಸ್ತೆಗೆ ಬಂದ ಮೇಲಂತೂ ಬ್ಯಾಡ್ಜಿಗೇನೂ ಬರ ಇಲ್ಲ. ಹಾಗಾಗಿ ಟ್ಯಾಂಕಿನ ಮೇಲೆ ಏನಿದೆ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. 65 ಬೋರು, 75 ಸ್ಟ್ರೋಕು ಎರಡಕ್ಕೂ ಸಮಾನ, ಅಳತೆ ಇಲ್ಲಿ ಕೈಕೊಡುತ್ತದೆ. ಕಾರ್ಬ್ಯುರೇಟರ್ ನೋಡಿ: ಚೆಕ್ ಮೂಲದ್ದು ಜಿಕೊವ್, ಕೊನೆಯ ಕಾಲದ ಯೆಜ್ಡಿಗಳಲ್ಲಿ ಮಿಕ್‌ಕಾರ್ಬ್. ಚೆಕೊಸ್ಲೊವಾಕಿಯದಿಂದ ಬಂದ ವಿದ್ಯುತ್ ಭಾಗಗಳ ಮೇಲೆ ‘ಪಾಲ್’ ಎಂಬ ಗುರುತಿರುತ್ತದೆ. ಇವೂ ಬದಲಾಗುವ ಭಾಗಗಳೇ, ಆದ್ದರಿಂದ ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡದೆ ಫ್ರೇಮ್ ನಂಬರು, ಎಂಜಿನ್ ನಂಬರು, ಮೊದಲ ನೋಂದಣಿಯ ವರ್ಷ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಇಷ್ಟೆಲ್ಲ ಯಾಕೆ ಅಂದರೆ, ಕಾಗದದ ಕೆಲಸವೂ ಈಗ ಇದರ ಮೇಲೆ ನಿಂತಿದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ‘ವಿಎ’ ಅಕ್ಷರಗಳ ಸಾಲಿನಲ್ಲಿ ನೋಂದಾಯಿಸಬಹುದು. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು ಎಂಬುದು ಷರತ್ತು. ಬೋಲ್ಟು, ಕಾರ್ಬ್ಯುರೇಟರಿಗೆ ಹೆದರಬೇಕಾಗಿಲ್ಲ. ಎರಡು ಫ್ರೇಮು ಸೇರಿದ್ದು, ಎಂ20 ಎಂದು ಬರೆದ ಬುಕ್ಕಿಗೆ ಎಂ21 ಎಂಜಿನ್ನು, ಇಂಥವಕ್ಕೆ ಹೆದರಬೇಕು, ಅದೂ ದುಡ್ಡು ಕೊಡುವ ಮೊದಲು.

ನೋಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ಬರೆಯಿರಿ: ಭಾಗ, ಕಂಡ ಗುರುತು, ಇರಬೇಕಾದದ್ದು, ಬದಲಿಸಿದ್ದು ಯಾರ ಕೈ ಇರಬಹುದು, ಅಪಾಯ ಇದೆಯೇ. ಗೊತ್ತಾಗದ ಕಡೆ ಖಾಲಿ ಬಿಡಿ, ಊಹೆಯನ್ನು ಪೆನ್ನಿನಲ್ಲಿ ಬರೆಯಬೇಡಿ. ಹೊಂದದ ಭಾಗ ತೆಗೆದು ಸರಿಯಾದದ್ದು ಹಾಕಿದ ದಿನ, ತೆಗೆದದ್ದನ್ನು ಗುಜರಿಗೆ ಕೊಡದೆ ತಾರೀಕಿನ ಚೀಟಿ ಕಟ್ಟಿ ಒಂದು ಡಬ್ಬಿಯಲ್ಲಿಡಿ. ಗಾಡಿ ಮಾರುವಾಗ ಆ ಡಬ್ಬಿಯೂ ನೋಟ್‌ಬುಕ್ಕೂ ಗಾಡಿಯ ಜೊತೆಗೇ ಹೋಗಲಿ.